ಬೊಳ್ಳಿ ಕಾವಿಗೆ ಕೂತಿದೆ

ಸಂಜೀವಿಯಕ್ಕ ಮುಂಬಯಿಯ ಐರೋಲಿಗೆ, ಮಗನ ಮನೆಗೆ ಬಂದು ಮೂರು ವರ್ಷವಾಗಿತ್ತು. ಅವರ ಮರಾಠಿಗೂ ಅಷ್ಟೇ ಪ್ರಾಯ. ಮೂರು ವರ್ಷದ ಮಗುವಿಗಿರುವ ಧೈರ್ಯವೂ ಅದಕ್ಕಿತ್ತು. ಶಬ್ದ ಸಿಗದ ಕಡೆ ತುಳುವನ್ನೋ ಕನ್ನಡವನ್ನೋ ತುರುಕಿ, ಕೊನೆಯಲ್ಲೊಂದು ‘ಆಹೇ’ ಅಂಟಿಸಿದರೆ ಮುಗಿಯಿತು. ತರಕಾರಿಯವನಿಗೂ ಕಸದ ಗಾಡಿಯವನಿಗೂ ಅದು ಅರ್ಥವಾಗುತ್ತಿತ್ತು. ಹಾಗಿರುವಾಗ ತಮಗೆ ಮರಾಠಿ ಬರುತ್ತದೆ ಎಂದು ಅವರು ನಂಬಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೇ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಅವರು ಎಂದಿನಂತೆ ರೋ ಹೌಸಿನ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಸೊಸೈಟಿಯ ಸೆಕ್ರೆಟರಿ ವಿಕಾಸ್ ಸಾನೆ ನೀರಿನ ಟ್ಯಾಂಕ್ ನೋಡಿಕೊಂಡು ಆ ದಾರಿಯಾಗಿ ಬಂದರು. ಸಂಜೀವಿಯಕ್ಕ ಕೈಸನ್ನೆ ಮಾಡಿ ಅವರನ್ನು ನಿಲ್ಲಿಸಿದರು.

"ಸಾಯೇಬ, ಆಮ್ಚ್ಯಾ ಘರಾತ್ ಪಾಂಚ್ ಕೋಳಿ ಠೇವೂ ಕಾ?"

ನಮ್ಮ ಮನೆಯಲ್ಲಿ ಐದು ಕೋಳಿ ಇಟ್ಟುಕೊಳ್ಳಬಹುದಾ ಎಂದು ಅವರು ಕೇಳಿದ್ದು. ಆದರೆ ಮರಾಠಿಯಲ್ಲಿ ಕೋಳಿ ಎಂದರೆ ಜೇಡ. ಸಾನೆಯವರಿಗೆ ಪ್ರಶ್ನೆ ಸರಿಯಾಗಿ ಕೇಳಿಸಿಕೊಳ್ಳುವ ಪುರುಸೊತ್ತೂ ಇರಲಿಲ್ಲ. ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಮನೆಯಲ್ಲಿ ತೊಂಬತ್ತರ ತಂದೆ. ಮಗ ಐದು ನಿಮಿಷ ಕಣ್ಣಿಗೆ ಬೀಳದಿದ್ದರೆ ಫೋನು ಮಾಡುವವರು.

"ಆಲೋ ಬಾಬಾ, ಆಲೋ," ಬಂದೆ ಬಂದೆ ಎಂದು ಫೋನಿಗೆ ಹೇಳಿ ಸಾನೆ ಮುದುಕಿಯ ಕಡೆ ನೋಡಿ ನಕ್ಕರು. "ಆಜೀ, ಕೋಳೀ ತರ್ ಸಗಳ್ಯಾಂಚ್ಯಾಚ್ ಘರಾತ್ ಅಸ್ತಾತ್. ಪರ್ಮಿಷನ್ ಕಶಾಲಾ?"

ಕೋಳಿ ಎಲ್ಲರ ಮನೆಯಲ್ಲೂ ಇರುತ್ತವಲ್ಲ, ಪರ್ಮಿಷನ್ ಯಾಕೆ? ಒಂದು ಇಡೀ ಮರಾಠಿ ವಾಕ್ಯ ಶಬ್ದ ಬಿಡದೆ ಅರ್ಥವಾದದ್ದು ಸಂಜೀವಿಯಕ್ಕನಿಗೆ ಅದೇ ಮೊದಲು. ಆ ಖುಷಿಯಲ್ಲೇ ಮಗ ವಸಂತಕುಮಾರನನ್ನು ರಿಕ್ಷಾ ಹತ್ತಿಸಿ ಹಿನ್ನೀರಿನ ಖಾಡಿಯ ಪಕ್ಕದ ಮೀನುಗಾರರ ಊರು ದಿವಾ ಗಾಂವಿಗೆ ಕಳಿಸಿದರು. ಮೀನು ಮಾರುವ ಹೆಂಗಸೊಬ್ಬಳು ನಾಲ್ಕು ಹೇಂಟೆ, ಒಂದು ಹುಂಜ ಕೊಟ್ಟಳು. ಬಿಳಿಯ ಹೇಂಟೆಗೆ ಬೊಳ್ಳಿ, ಕೆಂಪಗಿನದಕ್ಕೆ ಕೆಂಪಿ ಎಂದು ಸಂಜೆಯೊಳಗೆ ಹೆಸರೂ ಆಯಿತು.

ಕಾಲೇಜಿಗೆ ಹೋಗುವ ಮೊಮ್ಮಗಳು ಅನುಷ್ಕಾ ಅಜ್ಜಿಯ ಬಾಯಿಂದ ಕಥೆ ಕೇಳಿ ಅಡುಗೆಮನೆಗೆ ಓಡಿಬಂದಳು. ಹುಟ್ಟಿದ್ದು ಬೆಳೆದದ್ದು ಇಲ್ಲೇ; ತುಳು, ಕನ್ನಡ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಮಮ್ಮಿ, ಅಜ್ಜಿ ನೇ ಮಕಡೀ ಕಾ ಪರ್ಮಿಷನ್ ಲಿಯಾ ಹೈ! ಪಾಂಚ್ ಮಕಡೀ!"

ಸೊಸೆ ಹರಿಣಾಕ್ಷಿ ಮೊದಲು ನಕ್ಕಳು. ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತುವಷ್ಟು ನಕ್ಕಳು. ಆಮೇಲೆ ಹಿಂದಿನ ಬಾಗಿಲ ಕಡೆ ನೋಡಿದಳು. ಬಾತ್‌ರೂಮಿಗೆ ಹೋಗುವಾಗಲೂ ‘ಹರಿಣಾಕ್ಷೀ’ ಎಂದು ಕರೆದು ಕೈ ಹಿಡಿಸಿಕೊಳ್ಳುತ್ತಿದ್ದ ಅತ್ತೆ ಹಿಂದಿನ ಮೂರು ಮೆಟ್ಟಿಲು ಒಬ್ಬರೇ ಇಳಿದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೋಳಿಗಳಿಗೆ ಅಕ್ಕಿನುಚ್ಚು ಎರಚುತ್ತಿದ್ದರು.

"ಅವರ ಹತ್ರ ಹೇಳ್ಬೇಡ," ಎಂದಳು ಮಗಳಿಗೆ. "ಯಾರ ಹತ್ರವೂ ಹೇಳ್ಬೇಡ."

ಹೇಳಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು. ಹೇಳಲಿಲ್ಲ, ಅನುಭವಿಸಿದಳು.

ಅನುಭವ ಶುರುವಾದದ್ದು ಮಳೆಯೊಂದಿಗೆ. ಹಿತ್ತಲೆಂದರೆ ಎಷ್ಟು? ಎರಡು ಹಗ್ಗ ಬಟ್ಟೆ ಒಣಗಿಸುವಷ್ಟು ಜಾಗ, ಅದರಾಚೆ ಗೋಡೆ, ಗೋಡೆಯಾಚೆ ಕೊಳಚೆ ನೀರು ಹರಿಯುವ ನಾಲಾ. ಜುಲೈಯಲ್ಲಿ ನಾಲಾ ತುಂಬಿ ನೀರು ಒಳಗೆ ಬಂತು. ವಸಂತಕುಮಾರ ಕ್ಯಾಂಟೀನಿನಿಂದ ತಂದ ತರಕಾರಿ ಕ್ರೇಟುಗಳ ಗೂಡು ತೇಲಿತು. ಕೋಳಿಗಳು ಅಡುಗೆಮನೆಯ ಹಿಂದಿನ ಪ್ಯಾಸೇಜಿಗೆ ಬಂದವು. ಬಡಗಿಯ ಅಂಗಡಿಯಿಂದ ಮರದ ಹುಡಿ ತರುವುದು, ಹಾಸುವುದು, ಒದ್ದೆಯಾದದ್ದನ್ನು ಬಳಿದು ತೆಗೆಯುವುದು, ಫಿನೈಲ್ ಹಾಕಿ ಒರೆಸುವುದು ಎಲ್ಲ ಹರಿಣಾಕ್ಷಿಯ ಪಾಲಿಗೆ. ಅತ್ತೆಯದು ಮೆಟ್ಟಿಲ ಮೇಲೆ ಕೂತು ಹೇಳುವ ಕೆಲಸ.

"ಆ ಮೂಲೆ ಬಿಟ್ಟಿ ನೀನು."

"ಕಂಡಿದೆ ಅತ್ತೆ."

"ಕಂಡರೆ ಸಾಕಾ? ಗುಡಿಸ್ಬೇಕು."

ಊಟಕ್ಕೆ ಕೂತರೆ ಗಂಜಿಯ ಬಟ್ಟಲಿನಲ್ಲೂ ಪುಕ್ಕ. ಅನುಷ್ಕಾ ಮೂಗು ಮುಚ್ಚಿಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ವಸಂತಕುಮಾರನಿಗೆ ತೊಂದರೆಯೇ ಇರಲಿಲ್ಲ. ಅವನು ಬೆಳಿಗ್ಗೆ ಆರಕ್ಕೆ ಮಹಾಪೆಯ ಕಂಪೆನಿ ಕ್ಯಾಂಟೀನಿಗೆ ಹೊರಟರೆ ಮರಳುವಾಗ ಕೋಳಿಗಳು ಮಲಗಿರುತ್ತಿದ್ದವು.

ಇಂಥ ಒಂದು ದಿನ ವೇದಾ ಫೋನು ಮಾಡಿದರು. ವೇದಾ ಮೈಸೂರಿನವರು, ಮಹಾಪೆಯ ಐಟಿ ಪಾರ್ಕಿನಲ್ಲಿ ಉದ್ಯೋಗಸ್ಥರ ಮಕ್ಕಳಿಗಾಗಿ ಶಿಶುವಿಹಾರ ನಡೆಸುತ್ತಿದ್ದರು. ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಪರದೆಯ ಹಿಂದೆ ಅಳುತ್ತಿದ್ದ ಮಕ್ಕಳನ್ನೆಲ್ಲ ಹರಿಣಾಕ್ಷಿ ಒಬ್ಬಳೇ ಸುಧಾರಿಸಿದ್ದನ್ನು ಅವರು ನೋಡಿದ್ದರು.

"ಹರಿಣಾಕ್ಷಿಯವರೇ, ನೀವು ನಮ್ಮಲ್ಲಿಗೆ ಯಾಕೆ ಬರಬಾರದು? ಗಣಪತಿ ಹಬ್ಬ ಆದ್ಮೇಲೆ ಒಬ್ಬರು ಬೇಕು ಕಣ್ರೀ. ಎಂಟೂವರೆಯಿಂದ ಐದೂವರೆ."

ಮದುವೆಗೆ ಮೊದಲು ಹರಿಣಾಕ್ಷಿ ಹೆಜಮಾಡಿಯಲ್ಲಿ ಬಾಲವಾಡಿಯ ಟೀಚರಾಗಿದ್ದಳು. ಎರಡೇ ವರ್ಷ. ಮಕ್ಕಳ ಮೂಗು ಒರೆಸಿದ್ದು, ಹಾಡು ಹೇಳಿದ್ದು, ಮಧ್ಯಾಹ್ನ ಸಾಲಾಗಿ ಮಲಗಿಸಿದ್ದು. ಮುಂಬಯಿಯ ಸಂಬಂಧ ಬಂದಾಗ ಅವಳನ್ನು ಯಾರೂ ಏನೂ ಕೇಳಲಿಲ್ಲ; ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರಾ? ಇಪ್ಪತ್ತು ವರ್ಷದ ಮೇಲೆ ಈಗ ಒಬ್ಬರು ‘ನೀವು ಬರಬಾರದಾ’ ಎಂದು ಕೇಳಿದ್ದರು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು.

"ಹೋಗು," ಎಂದ ವಸಂತಕುಮಾರ ಬಂಗುಡೆಯ ಮುಳ್ಳು ಬಿಡಿಸುತ್ತ. "ಬೇಡ ಹೇಳಿದವರು ಯಾರು?"

"ನಾನೂ ಬೇಡ ಹೇಳುವುದಿಲ್ಲ," ಎಂದರು ಸಂಜೀವಿಯಕ್ಕ. "ಆದ್ರೆ ಬೊಳ್ಳಿ ಕಾವಿಗೆ ಕೂತಿದೆ. ಇಪ್ಪತ್ತೊಂದು ದಿನ ಕಳೀಲಿ."

ಬೊಳ್ಳಿ ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆಯ ಮೇಲೆ ಮೈಯಗಲಿಸಿ ಕೂತಿತ್ತು. ಅದನ್ನು ದಿನಕ್ಕೊಮ್ಮೆ ಎಬ್ಬಿಸಿ ಕಾಳು ತಿನ್ನಿಸಬೇಕು, ಇಲಿ ಹೆಗ್ಗಣ ಬಾರದ ಹಾಗೆ ನೋಡಬೇಕು. ನಾಲಾದ ಹೆಗ್ಗಣಗಳು ಬೆಕ್ಕಿಗೂ ಹೆದರುವಂಥವಲ್ಲ. ಇಪ್ಪತ್ತೊಂದು ದಿನ ತಾನೇ ಎಂದು ಹರಿಣಾಕ್ಷಿ ಒಪ್ಪಿದಳು. ಗಣಪತಿಗೆ ಇನ್ನೂ ಸಮಯವಿತ್ತು.

ಎಂಟು ಮರಿಗಳು ಬಂದವು. ಚಂದವಾಗಿದ್ದವು, ಅದನ್ನು ಇಲ್ಲವೆನ್ನುವ ಹಾಗಿಲ್ಲ. ಅನುಷ್ಕಾ ಕೂಡ ಒಂದನ್ನು ಅಂಗೈಯಲ್ಲಿಟ್ಟು ಫೋಟೋ ತೆಗೆದಳು. ಗಣಪತಿಯೂ ಬಂದು ಹೋಯಿತು. ಹರಿಣಾಕ್ಷಿ ಚಪ್ಪಲಿ ಹೊಸತು ತಂದಿಟ್ಟುಕೊಂಡಳು.

"ಮರಿಗಳು ಈಗ ಹದ್ದಿನ ಬಾಯಿಗೆ ಸರಿಯಾದವು," ಎಂದರು ಅತ್ತೆ. "ನನ್ನ ಕಾಲಿಗೆ ಓಡ್ಲಿಕ್ಕೆ ಆಗ್ತದಾ? ಸ್ವಲ್ಪ ರೆಕ್ಕೆ ಬಲೀಲಿ, ಹೋಗು."

ವೇದಾಗೆ ಫೋನು ಮಾಡಿ ಹರಿಣಾಕ್ಷಿ ಅತ್ತೆಗೆ ಹುಷಾರಿಲ್ಲ ಎಂದಳು. ಕೋಳಿಮರಿಯ ವಿಷಯ ಹೇಳಲು ನಾಚಿಕೆಯಾಯಿತು.

"ಸರಿ, ದೀಪಾವಳಿ ಆಗಲಿ ಬಿಡಿ," ಎಂದರು ವೇದಾ. ಒಳ್ಳೆಯ ಹೆಂಗಸು.

ಅಕ್ಟೋಬರಿನಲ್ಲಿ ಮಳೆ ಬಿಟ್ಟು ಧಗೆ ಏರಿತು. ಮರಿಗಳ ರೆಕ್ಕೆ ಬಲಿತು, ಅವು ತಾವಾಗಿಯೇ ಗೋಡೆ ಹತ್ತತೊಡಗಿದವು. ಆಗ ಒಂದು ಬೆಳಿಗ್ಗೆ ನೋಡಿದರೆ ಬೊಳ್ಳಿ ಮತ್ತೆ ಬುಟ್ಟಿಯಲ್ಲಿ. ಅಡಿಯಲ್ಲಿ ಒಂಬತ್ತು ಮೊಟ್ಟೆ, ಸಾಲಾಗಿ ಜೋಡಿಸಿದ್ದು. ಹರಿಣಾಕ್ಷಿ ಎಣಿಸಿ ನೋಡಿದಳು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಬಕೆಟಿಗೆ ನೀರು ತುಂಬಿಸಿ, ಬೊಳ್ಳಿಯ ರೆಕ್ಕೆ ಒತ್ತಿಹಿಡಿದು, ಹೊಟ್ಟೆಯವರೆಗೆ ಮುಳುಗಿಸಿದಳು. ಕಾವು ಬಿಡಿಸುವ ಉಪಾಯ ಅವಳ ತಾಯಿ ಕಲಿಸಿದ್ದು. ಹೊಟ್ಟೆಯ ಬಿಸಿ ಇಳಿದರೆ ಕೋಳಿಗೆ ಮೊಟ್ಟೆಯ ನೆನಪೂ ಇಳಿಯುತ್ತದೆ. ಬೊಳ್ಳಿಯ ಅರಚಾಟಕ್ಕೆ ಅತ್ತೆ ಎದ್ದು ಬಂದರು.

"ಎಂತ ಮಾಡ್ತಾ ಇದ್ದಿ?"

"ಕಾವು ಬಿಡಿಸ್ತಾ ಇದ್ದೇನೆ."

"ಕೂತದ್ದನ್ನು ಎಬ್ಬಿಸ್ತೀಯಾ? ನಿನಗೂ ಒಂದು ಹೆಣ್ಣುಮಗಳಿದ್ದಾಳೆ!"

"ಇದ್ದಾಳೆ. ಅವಳಿಗೆ ಹತ್ತೊಂಬತ್ತಾಯ್ತು. ನನ್ನ ಸರದಿ ಯಾವಾಗ ಅಂತ ಹೇಳಿ ಅತ್ತೆ. ನಾನು ಹೊರಡ್ತೇನೆ ಹೇಳಿದಾಗಲೆಲ್ಲ ಒಂದು ಕೂತಿರ್ತದೆ."

"ಕೋಳಿ ನನ್ನನ್ನು ಕೇಳಿ ಕೂರ್ತದಾ?"

"ಅಡಿಗೆ ಮೊಟ್ಟೆ ಇಡುವುದು ಯಾರು? ನೀವಲ್ಲವಾ?"

ಬಾಗಿಲಲ್ಲಿ ನಿಂತಿದ್ದ ಅನುಷ್ಕಾಗೆ ನಗು ತಡೆಯಲಾಗಲಿಲ್ಲ. ಅತ್ತೆ ಮೊಮ್ಮಗಳ ಕಡೆ ನೋಡಿ, ಸೊಸೆಯ ಕಡೆ ತಿರುಗಿದರು.

"ಇವಳ ಬಾಣಂತನಕ್ಕೆ ನಾನು ನಾಟಿಯ ಸಮಯದಲ್ಲಿ ಗದ್ದೆ ಬಿಟ್ಟು ಬಂದು ಮೂರು ತಿಂಗಳು ಇಲ್ಲಿ ಕೂತಿದ್ದೆ. ಆಗ ನಾನು ಲೆಕ್ಕ ಹೇಳಿದೆನಾ?"

"ಅದನ್ನು ಹತ್ತೊಂಬತ್ತು ವರ್ಷದಿಂದ ತೀರಿಸ್ತಾ ಇದ್ದೇನೆ. ಇನ್ನೂ ಎಷ್ಟುಂಟು?"

ಸಂಜೀವಿಯಕ್ಕ ಒದ್ದೆ ಕೋಳಿಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ಬುಟ್ಟಿಯಲ್ಲಿ ಕೂರಿಸಿದರು. ಬೊಳ್ಳಿ ಮೈ ಕೊಡವಿಕೊಂಡು ಕೂತೇಬಿಟ್ಟಿತು. ಆ ಸಲ ಐದು ಮರಿ.

ಜಗಳವಾದ ಆ ರಾತ್ರಿ ಇಬ್ಬರು ಹೆಂಗಸರೂ ತಟ್ಟೆ ನೋಡಿಕೊಂಡು ಉಂಡರು. ವಸಂತಕುಮಾರ ಸಾರು ಚೆನ್ನಾಗಿದೆ ಎಂದ. ಯಾರೂ ಕೇಳಿರಲಿಲ್ಲ.

"ನೀವು ಒಂದು ಮಾತು ಹೇಳ್ಬೇಕು," ಎಂದಳು ಹರಿಣಾಕ್ಷಿ.

"ನಾನೆಂತ ಹೇಳುವುದು? ನೀನು ಕೆಲಸಕ್ಕೆ ಹೋಗು. ಅಮ್ಮನಿಗೆ ಕೋಳಿ ಇರ್ಲಿ."

"ಎರಡೂ ಹೇಗೆ ಆಗ್ತದೆ?"

"ಅದೇ ನಾನೂ ಯೋಚನೆ ಮಾಡ್ತಾ ಇದ್ದೇನೆ."

ಕ್ಯಾಂಟೀನಿನಲ್ಲಿ ದಿನಕ್ಕೆ ಎಂಟುನೂರು ಜನರನ್ನು ಸಮಾಧಾನ ಮಾಡುವ ಗಂಡಸು. ಅವನ ಯೋಚನೆ ದೀಪಾವಳಿಯವರೆಗೂ ನಡೆಯಿತು. ವೇದಾ ಮತ್ತೆ ಫೋನು ಮಾಡಿದರು. ಈ ಸಲ ಅವರ ದನಿಯಲ್ಲಿ ಸಲಿಗೆ ಸ್ವಲ್ಪ ಕಡಿಮೆಯಾಗಿತ್ತು. ಜನವರಿಗೆ ಬರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು.

ಡಿಸೆಂಬರಿನಲ್ಲಿ ಬೆಳಗಿನ ಚಳಿಗೆ ಹೇಂಟೆಗಳು ಮೊಟ್ಟೆ ಕಡಿಮೆ ಮಾಡಿದವು, ಹುಂಜಗಳು ಕೂಗು ಜಾಸ್ತಿ ಮಾಡಿದವು. ಮೊದಲಿನ ಒಂದೇ ಹುಂಜದ ಕೂಗನ್ನು ನಾಲಾದ ಆಚೆಯದೆಂದು ಜನ ಸಹಿಸಿದ್ದರು; ಈಗ ಮಳೆಗಾಲದ ಮರಿಗಳಲ್ಲೂ ಮೂರು ಹುಂಜ. ಗಂಟಲು ಇನ್ನೂ ಕೂಡಿರದ ಆ ಮೂರೂ ಸೇರಿ ನಸುಕಿನಲ್ಲಿ ಎಬ್ಬಿಸುತ್ತಿದ್ದ ಗದ್ದಲಕ್ಕೆ ಮೂರು ಸಾಲು ರೋ ಹೌಸು ಎಚ್ಚರವಾಗುತ್ತಿತ್ತು.

ಹಾಲಿನ ಬೂತಿನ ಹತ್ತಿರ ಹರಿಣಾಕ್ಷಿಗೆ ಸಾನೆ ಸಿಕ್ಕಿದರು. ಕಣ್ಣು ಕೆಂಪಗಿತ್ತು. ಅಪ್ಪ ಮಲಗುವುದೇ ನಸುಕಿಗೆ, ಆಗಲೇ ಈ ಕೂಗು ಎಂದು ಮರಾಠಿಯಲ್ಲಿ ಗೋಳು ತೋಡಿಕೊಂಡರು. ನಾಲಾದ ಆಚೆಯವರ ಕೋಳಿಗಳಿರಬೇಕು, ನಾಳೆ ದಿವಾ ಗಾಂವಿಗೆ ಹೋಗಿ ಜಗಳ ಮಾಡಿಬರುತ್ತೇನೆ ಎಂದರು.

ಹರಿಣಾಕ್ಷಿಯ ಮರಾಠಿ ಇಪ್ಪತ್ತು ವರ್ಷದ್ದು, ಶುದ್ಧವಾದದ್ದು. "ಕಾಕಾ, ತೋ ಕೋಂಬಡಾ ಆಮಚಾಚ್ ಆಹೇ," ಎಂದಳು. ಆ ಹುಂಜ ನಮ್ಮದೇ. ಆಮೇಲೆ ಜೇಡದ ಪರ್ಮಿಷನ್ನಿನ ಕಥೆಯನ್ನೂ ಪೂರ್ತಿ ಹೇಳಿದಳು.

ಪಾಪದ ಮೀನುಗಾರರ ಮೇಲೆ ಸುಳ್ಳು ಅಪವಾದ ಬರಬಾರದೆಂದು ಹೇಳಿದೆ ಎಂದು ಮನೆಗೆ ಬರುವ ದಾರಿಯಲ್ಲಿ ಅವಳು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಅದು ನಿಜವಲ್ಲ. ಮಹಾಪೆಯ ಬಸ್ಸು ಹತ್ತಬೇಕಿತ್ತು, ಅಷ್ಟೇ.

ಸಾನೆ ಮೊದಲು ನಕ್ಕಿದ್ದರು. ಸಂಜೆ ಬರುವಾಗ ಸೆಕ್ರೆಟರಿಯಾಗಿ ಬಂದರು. ಜೊತೆಗೆ ಇಬ್ಬರು ಕಮಿಟಿಯವರು. ಸಂಜೀವಿಯಕ್ಕ ಕುರ್ಚಿಯಿಂದ ಏಳದೆ, "ತುಮ್ಹೀಚ್ ಬೋಲಾ ನಾ ಸಾಯೇಬ, ಕೋಳಿ ಠೇವಾ," ಎಂದು ಅವರೇ ಒಪ್ಪಿದ್ದನ್ನು ನೆನಪಿಸಿದರು.

"ಆಜೀ, ತೀ ಕೋಂಬಡೀ. ಕೋಳೀ ನಾಹೀ," ಎಂದರು ಸಾನೆ, ಅದು ಕೋಂಬಡಿ, ಕೋಳಿ ಅಲ್ಲ ಎಂದು ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ. "ಕೋಳೀ ಮ್ಹಣಜೇ..." ಮುದುಕಿಗೆ ತಿಳಿಯಲೆಂದು ತಮ್ಮ ಐದು ಬೆರಳುಗಳನ್ನು ಗೋಡೆಯ ಮೇಲೆ ಜೇಡ ಹರಿದ ಹಾಗೆ ಹರಿಸಿ ತೋರಿಸಿದರು. ಕಮಿಟಿಯವರು ನಕ್ಕರು. ಎದುರು ಮನೆಯವರೂ ನಕ್ಕರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಸಂಜೀವಿಯಕ್ಕ ಮಾತ್ರ ಗೋಡೆಯ ಮೇಲಿದ್ದ ಆ ಬೆರಳುಗಳನ್ನೇ ನೋಡುತ್ತಿದ್ದರು. ಅಂದಿನಿಂದ ಅವರ ಬಾಯಿಂದ ಒಂದು ಮರಾಠಿ ಶಬ್ದವೂ ಹೊರಡಲಿಲ್ಲ.

ವಾರದೊಳಗೆ ಹಿತ್ತಲು ಖಾಲಿ ಮಾಡಬೇಕೆಂದು ತೀರ್ಮಾನವಾಗಿತ್ತು. ಮರಿಹುಂಜಗಳಿಗಾದರೂ ಕೋಳಿರೊಟ್ಟಿ ಮಾಡುವ ಎಂದ ವಸಂತಕುಮಾರ.

"ಕೈಯಾರೆ ಕಾಳು ಹಾಕಿದ್ದೇನೆ. ನನ್ನ ಕಣ್ಣೆದುರು ಬೇಡ," ಎಂದರು ತಾಯಿ. ಎಲ್ಲವನ್ನೂ ಕ್ರೇಟಿನಲ್ಲಿ ತುಂಬಿ ದಿವಾ ಗಾಂವಿನ ಮೀನಿನವಳಿಗೇ ವಾಪಸು ಕೊಟ್ಟುಬಂದದ್ದಾಯಿತು. ಹರಿಣಾಕ್ಷಿ ಹಿತ್ತಲು ತೊಳೆದು, ಫಿನೈಲ್ ಹಾಕಿ, ಬಟ್ಟೆಯ ಹಗ್ಗ ಮತ್ತೆ ಕಟ್ಟಿದಳು.

ಜನವರಿಯಲ್ಲಿ ಅವಳು ಕೆಲಸಕ್ಕೆ ಹೋದಳು. ಮೂರು ವಾರ ಹೋದಳು. ಕುತ್ತಿಗೆಯಲ್ಲಿ ಫೋಟೋ ಇರುವ ಕಾರ್ಡು, ಚೀಲದಲ್ಲಿ ಡಬ್ಬಿ, ಬಸ್ಸಿನ ಕಿಟಕಿಯ ಪಕ್ಕದ ಸೀಟು. ಕೆಲಸ ಅದೇ: ಮೂಗು ಒರೆಸುವುದು, ಉಣಿಸುವುದು, ಮಲಗಿಸುವುದು. ಮನೆಯಲ್ಲಿ ಮಾಡಿದರೆ ಅದಕ್ಕೆ ಹೆಸರಿಲ್ಲ, ಇಲ್ಲಿ ಮಾಡಿದರೆ ‘ಹರಿಣಾಕ್ಷಿ ಟೀಚರ್’. ಅನೀಶ ಎಂಬ ಎರಡು ವರ್ಷದ ಪೋರ ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದರೆ ಮಾತ್ರ ನಿದ್ದೆ ಮಾಡುತ್ತಿದ್ದ. ಅವಳಿಗೆ ಸಂತೋಷವಾಗಿತ್ತು. ಬಸ್ಸಿನಲ್ಲಿ ಒಬ್ಬಳೇ ಕೂತು ನಗುವಷ್ಟು ಸಂತೋಷ.

ಮನೆಯಲ್ಲಿ ಸಂಜೀವಿಯಕ್ಕ ಮೊದಲು ಹಿಂದಿನ ಮೆಟ್ಟಿಲು ಇಳಿಯುವುದು ಬಿಟ್ಟರು. ಆಮೇಲೆ ಮುಂದಿನ ಕುರ್ಚಿ ಬಿಟ್ಟರು. ಮಂಡಿನೋವು ಎಂದರು. ಒಂದು ಮಧ್ಯಾಹ್ನ ಅನುಷ್ಕಾ ಕಾಲೇಜಿನಿಂದ ಬಂದಾಗ ಅಜ್ಜಿ ಹಾಸಿಗೆಯಲ್ಲೇ ಒದ್ದೆ ಮಾಡಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆಳಗಿನ ನೀರುದೋಸೆ ತಟ್ಟೆಯಲ್ಲೇ ಒಣಗಿತ್ತು.

"ಮಮ್ಮಿ, ತುಮ್ ಘರ್ ಆ ಜಾವೋ," ಎಂದಳು ಫೋನಿನಲ್ಲಿ, ಮನೆಗೆ ಬಾ, ನನ್ನಿಂದಾಗದು ಎಂದು ಅಳುತ್ತ. "ಮು‌ಝ್‌ಸೇ ನಹೀ ಹೋಗಾ."

ಡಾಕ್ಟರು ಪರೀಕ್ಷೆ ಮಾಡಿ ಹೆದರುವಂಥದ್ದೇನೂ ಇಲ್ಲ, ಎಬ್ಬಿಸಿ ನಡೆಸಿ ಎಂದರು. ಯಾರು ಎಬ್ಬಿಸುವುದು? ವಸಂತಕುಮಾರ ಹಗಲಿಗೆ ಒಬ್ಬಳು ಹೆಂಗಸನ್ನು ಗೊತ್ತುಮಾಡಿದ. ಅವಳಿಗೆ ಮರಾಠಿ ಬಿಟ್ಟು ಬೇರೆ ಬಾರದು, ಸಂಜೀವಿಯಕ್ಕ ಮರಾಠಿಗೆ ಬಾಯಿ ತೆರೆಯರು. ಆ ಹೆಂಗಸು ವಾರಕ್ಕೇ ಬಿಟ್ಟಳು. ಅನುಷ್ಕಾಗೆ ಪರೀಕ್ಷೆ. ವಸಂತಕುಮಾರನಿಗೆ ಕ್ಯಾಂಟೀನು. ಉಳಿದವರು ಯಾರೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹರಿಣಾಕ್ಷಿ ರಜೆ ಹಾಕಿದಳು. ರಜೆ ಮುಗಿದ ಮೇಲೆ ಇನ್ನಷ್ಟು ಹಾಕಿದಳು. ಮಾರ್ಚಿನಲ್ಲಿ ವೇದಾ ಹೇಳಿದರು, "ಬೇಜಾರು ಮಾಡ್ಕೋಬೇಡಿ, ಬೇರೆಯೊಬ್ಬರನ್ನ ತಗೊಂಡಿದ್ದೀನಿ. ಮುಂದೆ ಜಾಗ ಆದ್ರೆ ಮೊದಲು ನಿಮಗೇ ಹೇಳ್ತೀನಿ." ಕಾರ್ಡನ್ನು ವಸಂತಕುಮಾರನೇ ಮಹಾಪೆಗೆ ಹೋಗುವಾಗ ಕೊಟ್ಟುಬಂದ. ದಾರಿಯಲ್ಲೇ ಸಿಗುತ್ತದೆ ಎಂದ.

ಈಗ ಅತ್ತೆಗೆ ಚಮಚದಲ್ಲಿ ಗಂಜಿ ಕುಡಿಸಬೇಕಿತ್ತು. ಮೊಟ್ಟೆಯಿಲ್ಲದ ಬುಟ್ಟಿಯಲ್ಲಿ ಕಾವಿಗೆ ಕೂತ ಕೋಳಿಯ ಹಾಗೆ ಅವರು ಹಾಸಿಗೆಗೆ ಅಂಟಿದ್ದರು. ಒಂದು ಮಧ್ಯಾಹ್ನ ನಾಲ್ಕು ಚಮಚ ಕುಡಿದು, ಐದನೆಯದಕ್ಕೆ ಬಾಯಿ ತೆರೆಯದೆ ಕೇಳಿದರು.

"ಸೆಕ್ರೆಟರಿಗೆ ಹೇಳಿದ್ದು ನೀನಲ್ಲವಾ?"

ಚಮಚ ಗಾಳಿಯಲ್ಲೇ ನಿಂತಿತು. "ಹೌದು."

"ಹೇಳಿದ್ದಕ್ಕೆ ಸಿಟ್ಟಿಲ್ಲ. ನಿನಗೂ ಬೇಸತ್ತಿತ್ತು." ಅತ್ತೆ ಗೋಡೆಯನ್ನೇ ನೋಡುತ್ತಿದ್ದರು. "ಆ ಶಬ್ದಕ್ಕೆ ಬೇರೆ ಅರ್ಥ ಉಂಟು ಅಂತ ನಿನಗೆ ಮೊದಲೇ ಗೊತ್ತಿತ್ತಲ್ಲ, ಅದನ್ನು ನನ್ನ ಹತ್ರ ಹೇಳ್ಬಹುದಿತ್ತು. ತರಕಾರಿಯವನ ಹತ್ರ, ಹಾಲಿನವನ ಹತ್ರ, ಎಲ್ಲರ ಹತ್ರ ನನ್ನ ಕೋಳಿ, ನನ್ನ ಕೋಳಿ ಅಂತ ಹೇಳ್ಕೊಂಡು ಕೂತಿದ್ದೆ. ಅಷ್ಟು ತಿಂಗಳು ನೀವು ಅಮ್ಮ ಮಗಳು ಒಳಗೆ ನಗ್ತಾ ಇದ್ರಿ."

ಹರಿಣಾಕ್ಷಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು. ತನ್ನ ಮೂರು ವಾರಕ್ಕೆ ತಾನು ತೆತ್ತದ್ದು ಇವರಿಗೆ ಕಾಣಲಿಲ್ಲವಲ್ಲ ಎಂದು ದುಃಖವೂ ಆಯಿತು. ಬಟ್ಟಲು ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಮುಂದಿನ ಸಾಲಿನ ಮೊದಲ ಮನೆಗೆ ಹೋದಳು.

ಸಾನೆ ಬಾಗಿಲು ತೆರೆದರು. ಹೆಗಲ ಮೇಲೆ ಒದ್ದೆ ಟವೆಲು, ಕೈಯಲ್ಲಿ ಚಮಚ, ಚಮಚದಲ್ಲಿ ಗಂಜಿಯಂಥದ್ದೇ ಏನೋ ಅಂಟಿಕೊಂಡಿತ್ತು. ಒಳಗಿನಿಂದ ಕರೆ ಬರುತ್ತಲೇ ಇತ್ತು: "ವಿಕಾಸ್, ಏ ವಿಕಾಸ್."

"ಕಾಕಾ," ಎಂದಳು ಹರಿಣಾಕ್ಷಿ, "ಆಮಚ್ಯಾ ಘರಾತ್ ದೋನ್ ಕೋಳೀ ಠೇವೂ ಕಾ?"

ಇಪ್ಪತ್ತು ವರ್ಷದ ಶುದ್ಧ ಮರಾಠಿಯವಳು ಕೋಂಬಡಿ ಎನ್ನಲಿಲ್ಲ. ಕೋಳಿ ಎಂದಳು. ಸಾನೆ ಅವಳ ಮುಖ ನೋಡಿದರು, ಅವಳ ಸೆರಗಿಗೆ ಚೆಲ್ಲಿದ್ದ ಗಂಜಿಯ ಕಲೆ ನೋಡಿದರು. ಒಳಗಿನಿಂದ ಮತ್ತೆ "ವಿಕಾಸ್" ಎಂದಿತು.

"ಕೋಳೀ ತರ್ ಸಗಳ್ಯಾಂಚ್ಯಾಚ್ ಘರಾತ್ ಅಸ್ತಾತ್," ಎಂದರು ಅವರು. ಈ ಸಲ ನಗಲಿಲ್ಲ. ಬಾಗಿಲು ಹಾಕುವ ಮೊದಲು, ಕೂಗುವಂಥದ್ದು ಮಾತ್ರ ಬೇಡ ಎಂದು ಮೆಲ್ಲಗೆ ಸೇರಿಸಿದರು.

ದಿವಾ ಗಾಂವಿನಲ್ಲಿ ಮೀನಿನವಳ ಹತ್ತಿರ ಬೊಳ್ಳಿ, ಕೆಂಪಿ ಎರಡೇ ಉಳಿದಿದ್ದವು. ಹರಿಣಾಕ್ಷಿ ಎರಡನ್ನೂ ಕ್ರೇಟಿನಲ್ಲಿ ತಂದು, ಅತ್ತೆಯ ಕೋಣೆಯ ನೆಲದ ಮೇಲೆ ಬಿಟ್ಟಳು. ಬೊಳ್ಳಿ ಮಂಚದ ಕೆಳಗೆ ಹೋಗಿ ಒಮ್ಮೆ ಕೊಕ್ಕೊಕ್ ಎಂದಿತು. ಸಂಜೀವಿಯಕ್ಕ ಗೋಡೆಯಿಂದ ಮುಖ ತಿರುಗಿಸಿದರು.

"ಇದಕ್ಕೆ ಯಾರೂ ಸರಿಯಾಗಿ ಕಾಳು ಹಾಕ್ಲಿಲ್ಲ," ಎಂದರು. "ಎದೆಯ ಎಲುಬು ಕಾಣ್ತದೆ ನೋಡು."

ಹಾಸಿಗೆಯಲ್ಲಿ ಎದ್ದು ಕೂರಲು ನಾಲ್ಕು ದಿನ ಹಿಡಿಯಿತು, ಮೆಟ್ಟಿಲಿನವರೆಗೆ ಬರಲು ಒಂದು ತಿಂಗಳು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಡುವಾಗ ಹರಿಣಾಕ್ಷಿ ಗೋಣಿಚೀಲ ಒದ್ದೆ ಮಾಡಿ ಗೂಡಿನ ಮೇಲೆ ಹೊದಿಸಿದಳು. ಅತ್ತೆ ಮೆಟ್ಟಿಲ ಮೇಲಿಂದ, "ಆ ಕಡೆ ಎಳೆ, ಬಿಸಿಲು ಬೀಳ್ತದೆ," ಎಂದರು. ಬಾತ್‌ರೂಮಿಗೆ ಅವರೇ ಹೋಗುತ್ತಿದ್ದರು, ಗಂಜಿ ಅವರೇ ಕುಡಿಯುತ್ತಿದ್ದರು. ವಸಂತಕುಮಾರ ಊಟಕ್ಕೆ ಕೂತು, ಅಂತೂ ಎಲ್ಲ ಸರಿಯಾಯಿತಲ್ಲ ಎಂದ.

ಹುಂಜವಿಲ್ಲದೆ ತಂದದ್ದರ ಹಿಂದೆ ಹರಿಣಾಕ್ಷಿಯದೂ ಒಂದು ಲೆಕ್ಕವಿತ್ತು. ಹುಂಜವಿಲ್ಲ ಎಂದರೆ ಮರಿಯಿಲ್ಲ. ಮರಿಯಿಲ್ಲ ಎಂದರೆ ಇಪ್ಪತ್ತೊಂದು ದಿನವೂ ಇಲ್ಲ, ರೆಕ್ಕೆ ಬಲಿಯಲಿ ಎನ್ನುವುದೂ ಇಲ್ಲ. ಹೊಸ ಚಪ್ಪಲಿಯನ್ನು ಅವಳು ಪೇಪರಿನಲ್ಲಿ ಸುತ್ತಿ ಎತ್ತಿಟ್ಟಿದ್ದಳು.

ಜೂನಿನ ಮೊದಲ ಮಳೆ ಬಂದ ಸಂಜೆ ವೇದಾ ಫೋನು ಮಾಡಿದರು. "ಹರಿಣಾಕ್ಷಿಯವರೇ, ಒಬ್ಬರು ಬಿಟ್ರು ಕಣ್ರೀ. ಅನೀಶ ಇನ್ನೂ ನಿಮ್ಮನ್ನ ಕೇಳ್ತಾನೆ. ಸೋಮವಾರದಿಂದ ಬರೋಕಾಗತ್ತಾ?"

ಹೂಂ ಎನ್ನುವ ಮೊದಲು ಹರಿಣಾಕ್ಷಿ ಹಿಂದಿನ ಬಾಗಿಲ ಕಡೆ ನೋಡಿದಳು. ನೋಡಬಾರದಿತ್ತು. ಅತ್ತೆ ಪ್ಯಾಸೇಜಿನಲ್ಲಿ ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಫೋನಿನ ಮಾತು ಅವರಿಗೂ ಕೇಳಿಸಿತ್ತು.

"ಬೊಳ್ಳಿ ಕಾವಿಗೆ ಕೂತಿದೆ," ಎಂದರು.

ಹರಿಣಾಕ್ಷಿ ಫೋನಿಗೆ ಅಂಗೈ ಅಡ್ಡ ಹಿಡಿದಳು. "ಹುಂಜ ಇಲ್ಲದ ಮೊಟ್ಟೆ ಅತ್ತೆ ಅದು. ನೂರು ದಿನ ಕೂತರೂ ಮರಿ ಆಗ್ಲಿಕ್ಕಿಲ್ಲ."

"ನನಗೆ ಗೊತ್ತಿಲ್ಲವಾ?" ಎಂದರು ಸಂಜೀವಿಯಕ್ಕ. ಅವರ ದನಿಯಲ್ಲಿ ಜಗಳವಿರಲಿಲ್ಲ. ಬುಟ್ಟಿಯ ಅಂಚನ್ನು ಬಿಡದೆ ಹಿಡಿದಿದ್ದರು. "ಅದಕ್ಕೆ ಗೊತ್ತುಂಟಾ ಮಗಾ?"

ಬೊಳ್ಳಿ ಎರಡು ಬರಿ ಮೊಟ್ಟೆಯ ಮೇಲೆ ಮೈಯಗಲಿಸಿ, ಅತ್ತಿತ್ತ ನೋಡದೆ ಕೂತಿತ್ತು. ಬಕೆಟು ಅಲ್ಲೇ ನಲ್ಲಿಯ ಕೆಳಗಿತ್ತು, ನೀರೂ ತುಂಬಿತ್ತು.

"ಹಲೋ? ಹರಿಣಾಕ್ಷಿಯವರೇ, ಇದ್ದೀರಾ?"

ಅವಳು ಅಂಗೈ ತೆಗೆದು ಫೋನನ್ನು ಕಿವಿಗಿಟ್ಟುಕೊಂಡಳು.

"ಇದ್ದೇನೆ ಮೇಡಂ," ಎಂದಳು. "ಒಂದು ಇಪ್ಪತ್ತೊಂದು ದಿನ ಬಿಟ್ಟು ಹೇಳ್ತೇನೆ."